ಸ್ಮಾರ್ಟ್ ಬೋರ್ಡ್ ಕೆಟ್ಟರೆ ಮೊದಲು ನೆಲವನ್ನು ಪರೀಕ್ಷಿಸಿ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಸರ್ಕಾರಿ ಶಾಲೆಗಳಿಂದ ಪ್ರತಿ ಬೇಸಿಗೆಯ ಕೊನೆಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ. ಹಿಂದೆಯೂ ಉತ್ತರಿಸಿದ್ದೇನೆ. ಈ ಸಲ ಅದಕ್ಕೇ ಹೆಚ್ಚಿನ ಜಾಗ ಕೊಟ್ಟಿದ್ದೇನೆ, ಉಳಿದವರು ಮನ್ನಿಸಬೇಕು.

ಪ್ರಶ್ನೆ: ನಮ್ಮ ಪ್ರೌಢಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯಡಿ ಬಂದ ಸ್ಮಾರ್ಟ್ ಬೋರ್ಡ್ ಎರಡು ಬೇಸಿಗೆಗಳಲ್ಲಿ ಮೂರು ಸಲ ಕೆಟ್ಟಿದೆ. ಇಂಟರ್ನೆಟ್ ವೇಗ ಸಾಲದೆ ಹೀಗಾಗುತ್ತಿದೆ ಎಂದು ದುರಸ್ತಿಗೆ ಬಂದವರು ಹೇಳುತ್ತಾರೆ. ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಊರಲ್ಲಿ ಪಟ್ಟಿ ಎತ್ತಿ 100 ಎಂಬಿಪಿಎಸ್ ಸಂಪರ್ಕ ಹಾಕಿಸಲು ಸಿದ್ಧರಿದ್ದಾರೆ. ಯಾವ ಕಂಪನಿಯದು ಒಳ್ಳೆಯದು?
– ಮುಖ್ಯಗುರುಗಳು, ಸೇಡಂ ತಾಲ್ಲೂಕು

ಉತ್ತರ: ಸದ್ಯಕ್ಕೆ ಯಾವ ಕಂಪನಿಯದೂ ಬೇಡ. ಇಂಟರ್ನೆಟ್ ನಿಧಾನವಾದರೆ ಪಾಠದ ವಿಡಿಯೊ ನಿಂತು ನಿಂತು ಓಡುತ್ತದೆಯೇ ಹೊರತು ಬೋರ್ಡಿನ ಪವರ್ ಸಪ್ಲೈ ಸುಡುವುದಿಲ್ಲ. ಒಂದು ಬೋರ್ಡಿನಲ್ಲಿ ಸ್ಪಷ್ಟವಾದ ವಿಡಿಯೊ ನೋಡಲು ಸುಮಾರು 5 ಎಂಬಿಪಿಎಸ್ ಸಾಕು, ಮತ್ತು ಸರ್ಕಾರದ ಡಿಜಿಟಲ್ ಪಾಠಗಳ ದೀಕ್ಷಾ ವೇದಿಕೆಯ ಪಾಠಗಳನ್ನು ಹಿಂದಿನ ದಿನವೇ ಇಳಿಸಿಟ್ಟುಕೊಂಡರೆ ತರಗತಿಯ ಹೊತ್ತಿಗೆ ಅದೂ ಬೇಕಾಗುವುದಿಲ್ಲ. ವೇಗ ಸಾಲದೆ ಯಂತ್ರ ಸುಟ್ಟಿತು ಎನ್ನುವವರನ್ನು ಮತ್ತೆ ಶಾಲೆಯ ಒಳಗೆ ಬಿಟ್ಟುಕೊಳ್ಳಬೇಡಿ.

ನಿಮ್ಮ ಶಾಲೆ ಕರಿ ಮಣ್ಣಿನ ನೆಲದ ಮೇಲಿದೆ ಎಂದು ಪತ್ರದಲ್ಲೇ ಬರೆದಿದ್ದೀರಿ. ಮಳೆಗಾಲದಲ್ಲಿ ನೀರು ಹೀರಿ ಉಬ್ಬುವ ಈ ಮಣ್ಣು ವಿದ್ಯುತ್ತನ್ನು ಚೆನ್ನಾಗಿ ಹರಿಸಿಕೊಳ್ಳುತ್ತದೆ. ಅದೇ ಮಣ್ಣು ಏಪ್ರಿಲ್ ಹೊತ್ತಿಗೆ ಒಣಗಿ, ಕುಗ್ಗಿ, ಕೈ ತೂರುವಷ್ಟು ಬಿರುಕು ಬಿಟ್ಟಾಗ ಅರ್ಥಿಂಗ್ ಪೈಪಿನ (ಅಪಾಯದ ವಿದ್ಯುತ್ತನ್ನು ನೆಲಕ್ಕೆ ಇಳಿಸಲು ಹೂಳಿದ ಪೈಪು) ಸುತ್ತಲಿನ ಹಿಡಿತವೂ ಸಡಿಲವಾಗುತ್ತದೆ. ಅಲ್ಲಿಗೆ ಅರ್ಥಿಂಗ್ ಹೆಸರಿಗಷ್ಟೇ ಉಳಿಯಿತು. ಸಿಡಿಲಿನಿಂದಲೋ, ಕರೆಂಟು ಹೋಗಿ ಬರುವಾಗಲೋ ನುಗ್ಗುವ ಹೆಚ್ಚುವರಿ ವೋಲ್ಟೇಜನ್ನು ನೆಲಕ್ಕೆ ಇಳಿಸಬೇಕಾದ ಸರ್ಜ್ ರಕ್ಷಕಕ್ಕೆ ಇಳಿಸಲು ದಾರಿಯೇ ಇರುವುದಿಲ್ಲ, ಆಗ ಅದು ಬೋರ್ಡಿನ ಮೂಲಕವೇ ಹಾಯುತ್ತದೆ. ಎರಡು ಬೇಸಿಗೆಯಲ್ಲಿ ಮೂರು ಸಲ ಎಂಬ ನಿಮ್ಮ ಲೆಕ್ಕವೇ ನನ್ನ ಅನುಮಾನವನ್ನು ಗಟ್ಟಿ ಮಾಡುತ್ತದೆ.

ಮಾಡಬೇಕಾದದ್ದು ಇಷ್ಟು. ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನರನ್ನು ಕರೆಸಿ (ವಿಜ್ಞಾನದ ಗುರುಗಳೂ ಬೇಡ, ಹತ್ತನೆಯ ತರಗತಿಯ ಚುರುಕು ಹುಡುಗನೂ ಬೇಡ), ಶಾಲೆಯ ಫ್ಯಾನುಗಳೆಲ್ಲ ತಿರುಗುತ್ತಿರುವಾಗ ಬೋರ್ಡಿನ ಸಾಕೆಟ್ಟಿನಲ್ಲಿ ನ್ಯೂಟ್ರಲ್ (ಕರೆಂಟು ಮರಳಿ ಹೋಗುವ ತಂತಿ) ಮತ್ತು ಅರ್ಥಿಂಗ್ ನಡುವಿನ ವೋಲ್ಟೇಜ್ ಅಳೆಸಿ. ಅದು 2–3 ವೋಲ್ಟ್ ಮೀರಿದರೆ ವೈರಿಂಗನ್ನೂ ಅರ್ಥಿಂಗನ್ನೂ ಸರಿಪಡಿಸುವವರೆಗೆ ಬೋರ್ಡ್ ಹಚ್ಚಬೇಡಿ. ಅಷ್ಟು ಹೊರೆಯಿದ್ದೂ ಸರಿಯಾಗಿ ಸೊನ್ನೆ ತೋರಿಸಿದರೆ ಇನ್ನೂ ಹೆಚ್ಚು ಎಚ್ಚರ ಬೇಕು, ಏಕೆಂದರೆ ಯಾರೋ ಜಾಣರು ಸಾಕೆಟ್ಟಿನ ಒಳಗೆ ನ್ಯೂಟ್ರಲನ್ನೇ ಅರ್ಥಿಂಗ್ ಪಿನ್ನಿಗೆ ತುಂಡು ತಂತಿಯಿಂದ ಜೋಡಿಸಿರುವ ಸಾಧ್ಯತೆಯಿದೆ. ಈ ಕೈಚಳಕವನ್ನು ನಾನು ಹಲವು ಶಾಲೆಗಳಲ್ಲಿ ಕಂಡಿದ್ದೇನೆ. ಎಂದಾದರೊಂದು ದಿನ ನ್ಯೂಟ್ರಲ್ ತಂತಿ ಕಡಿದರೆ ಬೋರ್ಡಿನ ಲೋಹದ ಚೌಕಟ್ಟಿಗೇ 230 ವೋಲ್ಟ್ ಬರುತ್ತದೆ, ಮತ್ತು ಅದನ್ನು ಮುಟ್ಟುವವರು ಮಕ್ಕಳು. ಅಂಥ ಜೋಡಣೆಯನ್ನು ಅದೇ ದಿನ ತೆಗೆಸಿ.

ಬಳಿಕ ಅರ್ಥ್ ಟೆಸ್ಟರಿನಿಂದ ನೆಲದ ರೋಧವನ್ನು ಅಳೆಸಿ, 5 ಓಮ್‌ಗಿಂತ ಕಡಿಮೆಗೆ ತರಿಸಿ. ಎರಡೂವರೆ ಮೀಟರ್ ಉದ್ದದ ಜಿಐ (ಸತು ಲೇಪಿತ ಕಬ್ಬಿಣದ) ಪೈಪು ಒಂದು ಸಾಲದಿದ್ದರೆ ಅಷ್ಟೇ ಅಂತರ ಬಿಟ್ಟು ಇನ್ನೊಂದನ್ನು ಹೂಳಿಸಬೇಕು. ಅಳತೆಯನ್ನು ಮೇ ತಿಂಗಳಲ್ಲೇ ಮಾಡಿಸಬೇಕು. ಆಗಸ್ಟಿನಲ್ಲಿ ಅಳೆದು ಸಮಾಧಾನಪಟ್ಟುಕೊಂಡ ತಪ್ಪನ್ನು ನಾನೇ ಒಮ್ಮೆ ಚಿತ್ತಾಪುರದ ಕಡೆಯ ಶಾಲೆಯೊಂದರಲ್ಲಿ ಮಾಡಿದ್ದೆ; ಮರು ಬೇಸಿಗೆಯಲ್ಲಿ ಅಲ್ಲಿನ ನಾಲ್ಕು ಕಂಪ್ಯೂಟರ್‌ಗಳು ಒಂದೇ ಸಂಜೆಗೆ ಹೋದವು. ಅಂದಿನಿಂದ ಬೇಸಿಗೆಯಲ್ಲಿ ವಾರಕ್ಕೆರಡು ಸಲ ಅರ್ಥಿಂಗ್ ಗುಂಡಿಗೆ ನಾಲ್ಕು ಕೊಡ ನೀರು ಹಾಕಿಸಿ ಎಂದು ಹೋದಲ್ಲೆಲ್ಲ ಹೇಳುತ್ತೇನೆ, ಕೇಳುವವರು ಕಡಿಮೆ.

ಹಣ ಎಲ್ಲಿಂದ ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ. ಸಮಗ್ರ ಶಿಕ್ಷಣದ ಮಾನದಂಡದಲ್ಲಿ ಕಂಪ್ಯೂಟರ್ ಪ್ರಯೋಗಾಲಯಕ್ಕೆ ಒಂದು ಸಲಕ್ಕೆ 6.40 ಲಕ್ಷ ರೂಪಾಯಿಯವರೆಗೆ ಮತ್ತು 5 ವರ್ಷಗಳ ಕಾಲ ವರ್ಷಕ್ಕೆ 2.40 ಲಕ್ಷದವರೆಗೆ ಅವಕಾಶವಿದೆ. ಸ್ಮಾರ್ಟ್ ತರಗತಿಗೆ ಒಂದು ಸಲಕ್ಕೆ 2.40 ಲಕ್ಷವಿದ್ದರೆ ವರ್ಷದ ನಿರ್ವಹಣೆಗೆ 38 ಸಾವಿರ ಮಾತ್ರ. ಕೊಳ್ಳುವುದಕ್ಕೆ ಇರುವ ಉದಾರತೆ ಕಾಪಾಡುವುದಕ್ಕಿಲ್ಲ ಎಂಬುದು ಈ ಎರಡು ಅಂಕಿಗಳಲ್ಲೇ ಕಾಣುತ್ತದೆ. 31ರಿಂದ 100 ಮಕ್ಕಳಿರುವ ಶಾಲೆಗೆ ಸಿಗುವ 25,000 ರೂಪಾಯಿಯ ಸಂಯುಕ್ತ ಅನುದಾನದಲ್ಲಿ ಶೇ 10ನ್ನು ಸ್ವಚ್ಛತೆಗೆ ಬಿಟ್ಟರೆ, ಉಳಿದದ್ದು ಇನ್ವರ್ಟರಿನ ಎರಡು ಟ್ಯೂಬುಲರ್ ಬ್ಯಾಟರಿಗೂ ಸಾಲುವುದು ಕಷ್ಟ. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ತನ್ನು 2023ರ ರಾಜ್ಯೋತ್ಸವದಂದು ಘೋಷಿಸಲಾಯಿತು, ನಿಜ; ಆದರೆ ಮೀಟರಿನ ಈಚೆಗಿನ ವೈರಿಂಗನ್ನು ವಿದ್ಯುತ್ ಸರಬರಾಜು ಕಂಪನಿಯಾದ ಜೆಸ್ಕಾಂ ನೋಡುವುದಿಲ್ಲ. ಹೀಗಾಗಿ ಊರಿನವರು ಎತ್ತುವ ಪಟ್ಟಿಯ ಹಣ ಈ ಕೆಲಸಕ್ಕೇ ಹೋಗಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಮುಂದೆ ಬೋರ್ಡು ಬೇಕೆಂದು ಬರೆಯುವಾಗ ಅಂದಾಜುಪಟ್ಟಿಯಲ್ಲಿ ಅರ್ಥಿಂಗ್, ವೈರಿಂಗ್ ಮತ್ತು ಮೂರು ವರ್ಷಗಳ ನಿರ್ವಹಣೆಯನ್ನು ಪ್ರತ್ಯೇಕ ಸಾಲುಗಳಾಗಿ ಸೇರಿಸಿ.

ಪ್ರಶ್ನೆ: ಪಂಚಾಯಿತಿ ಕಚೇರಿಗೆ ಕೇಂದ್ರ ಸರ್ಕಾರದ ಇಂಟರ್ನೆಟ್ ಯೋಜನೆಯಾದ ಭಾರತ್‌ನೆಟ್ ಬಂದಿದೆ, ಪಕ್ಕದ ಹಿರಿಯ ಪ್ರಾಥಮಿಕ ಶಾಲೆಗೆ ಏಕಿಲ್ಲ? (ಶಹಾಪುರ)

ಉತ್ತರ: 2011ರಲ್ಲಿ ಒಪ್ಪಿಗೆ ಪಡೆದ ಮೂಲ ಯೋಜನೆಯ ಗುರಿ ಗ್ರಾಮ ಪಂಚಾಯಿತಿಯವರೆಗೆ ಮಾತ್ರ ಇತ್ತು. 2025–26ರ ಕೇಂದ್ರ ಬಜೆಟ್ಟಿನ ಘೋಷಣೆ ಗ್ರಾಮೀಣ ಸರ್ಕಾರಿ ಪ್ರೌಢಶಾಲೆಗಳ ಬಗ್ಗೆ. ಪ್ರಾಥಮಿಕ ಶಾಲೆ ಅದರಲ್ಲಿಲ್ಲ. ಪಂಚಾಯಿತಿಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ.

ಪ್ರಶ್ನೆ: ಸಿಗ್ನಲ್ ಸಿಗದ ಶಾಲೆಗೆ ಅಂಗಡಿಯವರು ಮೊಬೈಲ್ ಬೂಸ್ಟರ್ ಹಚ್ಚಿಕೊಡುತ್ತಾರಂತೆ. (ಔರಾದ್)

ಉತ್ತರ: ಪರವಾನಗಿಯಿಲ್ಲದೆ ಹಚ್ಚುವುದು ಕಾನೂನುಬಾಹಿರ, ಸುತ್ತಲಿನವರ ಸಿಗ್ನಲ್ಲೂ ಕೆಡುತ್ತದೆ.

ಪ್ರಶ್ನೆ: ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಎಂಬ ವಾಟ್ಸಾಪ್ ಲಿಂಕ್ ಆಧಾರ್ ಸಂಖ್ಯೆ ಕೇಳುತ್ತಿದೆ. (ಹಲವರು)

ಉತ್ತರ: ಮೋಸ. ಈಗಾಗಲೇ ಒಟಿಪಿ ಕೊಟ್ಟು ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಹತ್ತು ಹಳೆಯ ಕಂಪ್ಯೂಟರ್‌ಗಳು ಮೂಲೆಯಲ್ಲಿವೆ, ಗುಜರಿಗೆ ಹಾಕಬಹುದೇ? (ಭಾಲ್ಕಿ)

ಉತ್ತರ: ಬೇಡ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ಅವು ನೋಂದಾಯಿತ ಮರುಬಳಕೆದಾರರಿಗೆ ಹೋಗಬೇಕು, ಅದೂ ಇಲಾಖೆಯ ವಿಲೇವಾರಿ ಆದೇಶ ಬಂದ ಮೇಲೆ. ಅದಕ್ಕೂ ಮೊದಲು ಹಾರ್ಡ್ ಡಿಸ್ಕ್‌ಗಳನ್ನು ಬಿಚ್ಚಿಸಿ ಕಪಾಟಿನಲ್ಲಿ ಬೀಗ ಹಾಕಿ ಇಡಿ. ಮಕ್ಕಳ ಹೆಸರು, ಜಾತಿ, ಬ್ಯಾಂಕ್ ಖಾತೆಯ ವಿವರಗಳೆಲ್ಲ ಅವುಗಳಲ್ಲಿರುತ್ತವೆ.