ಅಟ್ಟದಲ್ಲಿ ಸಿಕ್ಕ ಕವಾಯತು ಕೋವಿ

ಪ್ರಶ್ನೆ: ನಮ್ಮ ಅಜ್ಜನ ಮನೆಯ ಅಟ್ಟದಲ್ಲಿ ‘ಡಿಪಿ’ ಎಂದು ಅಚ್ಚೊತ್ತಿದ ಹಳೆಯ ತ್ರೀ ನಾಟ್ ತ್ರೀ ರೈಫಲ್ ಸಿಕ್ಕಿದೆ. ಇದು ಅಪರೂಪದ್ದೇ? ಸಂಗ್ರಹಕ್ಕೆ ಇಟ್ಟುಕೊಳ್ಳಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ‘ಡಿಪಿ’ ಎಂದರೆ ಡ್ರಿಲ್ ಪರ್ಪಸ್, ಸವೆದು ಅಥವಾ ಕೆಟ್ಟು ಗುಂಡು ಹಾರಿಸಲು ಯೋಗ್ಯವಲ್ಲವೆಂದು ತೀರ್ಮಾನವಾದ ಲೀ-ಎನ್‌ಫೀಲ್ಡ್ (ನಿಮ್ಮ ತ್ರೀ ನಾಟ್ ತ್ರೀಯ ಮೂಲ ಹೆಸರು) ರೈಫಲ್‌ಗಳನ್ನು ಸೇನೆಯು ಕವಾಯತಿಗೆ ಇಳಿಸುವಾಗ ಹಾಕುತ್ತಿದ್ದ ಗುರುತು ಅದು. ಅನೇಕ ರೈಫಲ್‌ಗಳಲ್ಲಿ ಮರದ ಭಾಗಕ್ಕೆ ಬಣ್ಣದ ಪಟ್ಟಿ ಬಳಿದಿರುತ್ತಾರೆ, ಕೆಲವದರಲ್ಲಿ ತೋಟಾಕ್ಕೆ ಬಡಿದು ಗುಂಡು ಹಾರಿಸುವ ಫೈರಿಂಗ್ ಪಿನ್ನಿನ ತುದಿಯನ್ನು ಕತ್ತರಿಸಿ, ತೋಟಾ ಕೂರುವಲ್ಲಿ ನಳಿಗೆಗೆ ತೂತು ಕೊರೆದಿರುತ್ತಾರೆ. ಹಿಡಿ ಸೇರುವ ಕಡೆಯ ಉಕ್ಕಿನ ಪಟ್ಟಿಯ ಬಲಬದಿಯಲ್ಲಿ ಕಿರೀಟ, ‘ಜಿಆರ್‌ಐ’ (ಚಕ್ರವರ್ತಿ ಜಾರ್ಜ್ ದೊರೆಯ ಲ್ಯಾಟಿನ್ ಬಿರುದಿನ ಮೊದಲಕ್ಷರಗಳು) ಮತ್ತು ಇಶಾಪುರದ ಹೆಸರಿದ್ದರೆ ಅದು ಬ್ರಿಟಿಷರ ಕಾಲದ ಬಂಗಾಳದ ಕಾರ್ಖಾನೆಯದು. ‘ಆರ್‌ಎಫ್‌ಐ’ (ರೈಫಲ್ ಫ್ಯಾಕ್ಟರಿ ಇಶಾಪುರ) ಎಂದಿದ್ದರೆ ಸ್ವಾತಂತ್ರ್ಯಾನಂತರದ್ದು. ಮಲೆನಾಡಿನ ಮಳೆಗಾಲದ ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ ಈ ಅಚ್ಚುಗಳನ್ನು ಅಳಿಸಿಬಿಟ್ಟರೆ ಸಂಗ್ರಾಹಕರ ಪಾಲಿಗೆ ಉಳಿಯುವುದು ಬರಿಯ ಕಬ್ಬಿಣ.

ಆದರೆ ಕಾನೂನು ಮೊದಲು. ನಿಮ್ಮ ಮನೆಯಲ್ಲಿ ಬೆಳೆ ರಕ್ಷಣೆಯ ಕೋವಿಗೆ ಪರವಾನಗಿ ಇದ್ದರೂ ಅದು ಇದಕ್ಕೆ ಅನ್ವಯಿಸುವುದಿಲ್ಲ, ಮತ್ತು 1959ರ ಶಸ್ತ್ರಾಸ್ತ್ರ ಕಾಯ್ದೆಯು ಬಂದೂಕಿನ ಬಿಡಿಭಾಗಗಳನ್ನೂ ಬಂದೂಕೆಂದೇ ಪರಿಗಣಿಸುತ್ತದೆ. ಹೀಗಾಗಿ ಅದನ್ನು ಅಲುಗಿಸದೆ, ಖಂಡಿತ ತೋಟಾ ಹಾಕಿ ನೋಡದೆ, ಹತ್ತಿರದ ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಿ.