ಶಾಲಾ ಮಕ್ಕಳ ತಪಾಸಣೆ ತಂಡದಲ್ಲಿ ನರ್ಸ್‌ಗೆ ಏನು ಕೆಲಸ?

ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿದ್ದೀರಿ, ಶಾಲಾ ಮಕ್ಕಳ ಆರೋಗ್ಯ ತಪಾಸಣೆ ತಂಡದಲ್ಲಿ ಕೆಲಸ ಸಿಗುವ ಹಾಗಿದೆ. ಆದರೆ ಅಲ್ಲಿ ಬರೀ ತೂಕ, ಎತ್ತರ ಬರೆದುಕೊಳ್ಳುವುದು, ಕಲಿತದ್ದೆಲ್ಲ ಮರೆತುಹೋಗುತ್ತದೆ ಅಂತ ಗೆಳತಿಯರು ಹೆದರಿಸುತ್ತಿದ್ದಾರೆ, ಸೇರಬಹುದಾ ಅಂತ ಕೇಳಿದ್ದೀರಿ.

ಸೇರಿ. ನಾನು ಎಂಟು ವರ್ಷದಿಂದ ಪಾವಗಡದ ಕಡೆ ಆರ್‌ಬಿಎಸ್‌ಕೆ, ಅಂದರೆ ಮಕ್ಕಳ ತಪಾಸಣೆಯ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದಲ್ಲಿದ್ದೇನೆ. ಅದಕ್ಕೂ ಮೊದಲು ಎರಡು ವರ್ಷ ವಾರ್ಡಿನಲ್ಲಿದ್ದೆ. ವಾರ್ಡಿಗೆ ಬಂದವರು ಇಲ್ಲಿ ನೋವು, ಅಲ್ಲಿ ನೋವು ಅಂತ ತಾವೇ ಹೇಳುತ್ತಾರೆ. ಶಾಲೆಯ ಮಗು ಹೇಳಲ್ಲ. ಮೊದಲಿನಿಂದಲೂ ಮಬ್ಬಾಗಿ ಕಾಣುತ್ತಿದ್ದರೆ, ಎಲ್ಲರಿಗೂ ಹೀಗೇ ಕಾಣುತ್ತದೆ ಅಂತ ಅದು ಅಂದುಕೊಂಡಿರುತ್ತದೆ. ಹೇಳದೆ ಇರುವುದನ್ನು ನಾವು ಕಂಡುಹಿಡಿಯಬೇಕು. ವಾರ್ಡಿಗಿಂತ ಇದೇ ಕಷ್ಟ.

ಈ ಕಾರ್ಯಕ್ರಮ ಶುರುವಾದದ್ದು 2013ರಲ್ಲಿ. ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ ಎಲ್ಲರನ್ನೂ ನೋಡಬೇಕು. ತಂಡದಲ್ಲಿ ಇಬ್ಬರು ಆಯುಷ್ ಡಾಕ್ಟರು, ಒಬ್ಬ ನರ್ಸ್, ಒಬ್ಬ ಫಾರ್ಮಸಿಸ್ಟ್. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದೇ ಸಲ. ಆ ಒಂದು ದಿನ ತಪ್ಪಿದರೆ ಮಗು ಮತ್ತೆ ನಮ್ಮ ಕೈಗೆ ಸಿಗುವುದು ಮುಂದಿನ ವರ್ಷ.

ನನ್ನಿಂದ ಹಾಗೆ ಒಬ್ಬ ತಪ್ಪಿದ್ದ. ಮೊದಲ ವರ್ಷ ಕಣ್ಣು ಪರೀಕ್ಷೆಗೆ ಇಡೀ ಕ್ಲಾಸನ್ನು ವರಾಂಡದಲ್ಲಿ ಸಾಲಾಗಿ ನಿಲ್ಲಿಸಿದೆ. ಎರಡನೇ ಕ್ಲಾಸಿನ ಹುಡುಗನೊಬ್ಬ ಕೊನೇ ಸಾಲಿನವರೆಗೂ ಪಟಪಟ ಹೇಳಿದ. ಸರಿಯಿದೆ ಅಂತ ಬರೆದುಕೊಂಡೆ. ಮರುವರ್ಷ ಹೋದಾಗ ಅವನು ಬೋರ್ಡ್ ನೋಡುತ್ತಲೇ ಇರಲಿಲ್ಲ, ಪಕ್ಕದವನ ಪುಸ್ತಕ ನೋಡಿಕೊಂಡು ಬರೆಯುತ್ತಿದ್ದ. ಬೇರೆ ಚಾರ್ಟು ಹಿಡಿದು ನೋಡಿದರೆ ಎರಡೂ ಕಣ್ಣು ಮಂದ. ಬಲಗಣ್ಣಿಗಂತೂ ದೊಡ್ಡ ಅಕ್ಷರವೂ ಕಾಣಲ್ಲ. ಹಿಂದಿನ ವರ್ಷ ಮುಂದಿದ್ದ ಮಕ್ಕಳು ಹೇಳಿದ್ದನ್ನು ಕೇಳಿಸಿಕೊಂಡು ಬಾಯಿಪಾಠ ಒಪ್ಪಿಸಿದ್ದ ಅಷ್ಟೇ. ಒಂದು ಕಣ್ಣು ಜಾಸ್ತಿ ಮಂದವಾಗಿದ್ದರೆ ಮಿದುಳು ಆ ಕಣ್ಣನ್ನು ಬಳಸುವುದನ್ನೇ ಬಿಡುತ್ತಾ ಬರುತ್ತದೆ. ಏಳೆಂಟು ವರ್ಷದೊಳಗೆ ಸರಿಪಡಿಸಿದಷ್ಟು ಚೆನ್ನಾಗಿ ಆಮೇಲೆ ಆಗಲ್ಲ. ಅವನಿಗೆ ಆಗ ಎಂಟು ದಾಟಿತ್ತು. ಆ ಒಂದು ವರ್ಷ ನನ್ನನ್ನು ಈಗಲೂ ಚುಚ್ಚುತ್ತದೆ.

ಈಗ ಉಳಿದವರನ್ನು ಕ್ಲಾಸಿನೊಳಗೆ ಕೂರಿಸಿ ಒಬ್ಬೊಬ್ಬರನ್ನೇ ಕರೆಯುತ್ತೇನೆ. ಆರು ಮೀಟರ್ ಅಳೆದು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತೇನೆ. ಸಣ್ಣವರಿಗೆ 'ಇ' ಆಕಾರದ ಚಾರ್ಟು, ಅದರ ಕಾಲು ಯಾವ ಕಡೆಗಿದೆ ಅಂತ ಕೈಯಲ್ಲಿ ತೋರಿಸಿದರೆ ಸಾಕು. ಕಣ್ಣನ್ನು ಬೆರಳಿನಿಂದಲ್ಲ, ಅಂಗೈಯಿಂದ ಮುಚ್ಚಿಸಿ. ಬೆರಳ ಸಂದಿಯಲ್ಲಿ ಇಣುಕದ ಮಗುವನ್ನು ನಾನು ನೋಡಿಲ್ಲ.

ಹುಡುಕಿದರೆ ಮುಗಿಯಲ್ಲ. ಆಸ್ಪತ್ರೆಗೆ ಬರೆದುಕೊಟ್ಟ ಚೀಟಿ ಎಷ್ಟೋ ಸಲ ಬ್ಯಾಗಿನ ತಳದಲ್ಲೇ ಉಳಿಯುತ್ತದೆ. ಕೂಲಿಗೆ ಹೋಗುವ ತಾಯಿಗೆ ತಾಲ್ಲೂಕು ಆಸ್ಪತ್ರೆಗೆ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು ಅಂತಲೇ. ಹಾಗಾಗಿ ಕಣ್ಣಿನ ಡಾಕ್ಟರು ಯಾವ ದಿನ ಸಿಗುತ್ತಾರೆ ಅಂತ ಮೊದಲೇ ಕೇಳಿಟ್ಟುಕೊಂಡು, ಹಿಂದಿನ ಸಂಜೆ ಫೋನ್ ಮಾಡುತ್ತೇನೆ. ಆಶಾ ಕಾರ್ಯಕರ್ತೆಗೂ ಹೇಳಿಡುತ್ತೇನೆ. ಕನ್ನಡಕ ಬಂದ ಮೇಲೂ 'ಸೋಡಾಬುಡ್ಡಿ' ಅಂತ ಕರೆದರೆ ಮಗು ಅದನ್ನು ತೆಗೆದಿಟ್ಟುಬಿಡುತ್ತದೆ. ಕ್ಲಾಸ್ ಟೀಚರಿಗೆ ಅದನ್ನೂ ಹೇಳಬೇಕು.

ಇನ್ನು ನಮ್ಮ ಕಡೆಯದೇ ಒಂದು ತೊಂದರೆ, ಹಲ್ಲು. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಮಾತಾಡುವಾಗೆಲ್ಲ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. "ಇವಳು ಹಲ್ಲೇ ಉಜ್ಜಲ್ಲ ಸಿಸ್ಟರ್" ಅಂತ ಮೇಷ್ಟ್ರು ಎಲ್ಲರೆದುರೇ ಅಂದರು. ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟಿಗಳಿದ್ದವು, ಆದರೆ ಕೊಳೆ ಒಂಚೂರೂ ಇರಲಿಲ್ಲ. ಅದು ಫ್ಲೋರೋಸಿಸ್, ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಾದರೆ ಹಲ್ಲಿಗೆ ಬರುವ ಕಲೆ. ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ಇಲ್ಲಿನ ಎಷ್ಟೋ ಕೊಳವೆಬಾವಿಗಳಲ್ಲಿ ದಾಟುತ್ತದೆ. ಹಲ್ಲು ವಸಡಿನೊಳಗೆ ಬೆಳೆಯುವಾಗಲೇ ಕಲೆ ಕೂರುತ್ತದೆ, ಎಷ್ಟು ಉಜ್ಜಿದರೂ ಹೋಗಲ್ಲ. ಮೇಷ್ಟ್ರನ್ನು ಪಕ್ಕಕ್ಕೆ ಕರೆದು ಹೇಳಿದೆ. ಪಾಪ, ಅವರಿಗೆ ಗೊತ್ತಿರಲಿಲ್ಲ, ಆ ಹುಡುಗಿಗೂ ಗೊತ್ತಿರಲಿಲ್ಲ. "ಹಂಗಾದ್ರೆ ನನ್ ತಪ್ಪಲ್ವಾ ಮಿಸ್?" ಅಂತ ಕೇಳಿದಳು, ಕೈ ತೆಗೆದು. ತಂಗಿಗೆ ಹೀಗಾಗದ ಹಾಗೆ ಏನು ಮಾಡಬೇಕು ಅಂತ ಅವಳ ತಾಯಿಗೆ ಹೇಳಿದೆ. ಕುಡಿಯಲು ಶುದ್ಧ ನೀರಿನ ಘಟಕದಿಂದ ತರುತ್ತಿದ್ದರು, ಆದರೆ ಅನ್ನ, ಸಾರಿಗೆಲ್ಲ ಬೋರಿನ ನೀರೇ. ಕಾಯಿಸಿದರೆ ಸರಿಹೋಗುತ್ತದೆ ಅಂತ ನಂಬಿದ್ದರು. ಕಾಯಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಇಂಗಿ ಇನ್ನೂ ಗಟ್ಟಿಯಾಗುತ್ತದೆ.

ಕಬ್ಬಿಣಾಂಶದ ಮಾತ್ರೆ ಬಗ್ಗೆ ಒಂದು ಮಾತು. ಹೈಸ್ಕೂಲಿನವರಿಗೆ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರೆ. ಒಂದು ಶಾಲೆಯಲ್ಲಿ ಅವು ಕಾಂಪೌಂಡಿನ ಹಿಂದೆ ಬಿದ್ದಿದ್ದವು. ಹುಡುಗಿಯರನ್ನು ಬೈಯಲಿಲ್ಲ, ಯಾಕಮ್ಮಾ ಅಂತ ಕೇಳಿದೆ. ಖಾಲಿ ಹೊಟ್ಟೆಯಲ್ಲಿ ಕೊಟ್ಟಿದ್ದರು, ಹೊಟ್ಟೆ ತೊಳಸಿತ್ತು. ಮಲ ಕಪ್ಪಾಗಿದ್ದು ನೋಡಿ ಇಬ್ಬರು ಹೆದರಿಹೋಗಿದ್ದರು. ಬಿಸಿಯೂಟ ಆದ ಮೇಲೆ ಕೊಡಿ, ಕಪ್ಪಾಗುವುದು ಸಹಜ ಅಂತ ಮೊದಲೇ ಹೇಳಿ, ಹಿಂದೆಯೇ ಟೀ ಕುಡಿಯಬೇಡಿ ಅನ್ನಿ. ಟೀಚರೂ ಮಕ್ಕಳ ಎದುರೇ ಒಂದು ನುಂಗಿದರೆ ಅರ್ಧ ಹೆದರಿಕೆ ಹೋಗುತ್ತದೆ.

ಕಷ್ಟವೂ ಇದೆ, ಮುಚ್ಚಿಡಲ್ಲ. ಗುತ್ತಿಗೆ ಕೆಲಸ, ಸಂಬಳ ಕಡಿಮೆ. ಕೆಲವು ದಿನ ನೂರಕ್ಕೂ ಜಾಸ್ತಿ ಮಕ್ಕಳು, ಮೇಲೆ ರಿಜಿಸ್ಟರ್, ಆನ್‌ಲೈನ್ ಎಂಟ್ರಿ.

ಸೇರಿದರೆ ಮೊದಲ ದಿನದಿಂದಲೇ ಒಂದು ಅಭ್ಯಾಸ ಮಾಡಿಕೊಳ್ಳಿ. ತಪಾಸಣೆ ಮುಗಿದ ಮೇಲೆ ಹಾಜರಿ ಪುಸ್ತಕ ಕೇಳಿ, ಅವತ್ತು ಬರದವರ ಹೆಸರು ಬರೆದುಕೊಳ್ಳಿ, ಯಾಕೆ ಬಂದಿಲ್ಲ ಅಂತ ಪಕ್ಕದ ಮನೆಯ ಮಕ್ಕಳನ್ನೇ ವಿಚಾರಿಸಿ. ನಡೆದರೆ ಏದುಸಿರು ಬಿಡುವ ಮಗು, ಫಿಟ್ಸ್ ಬರುತ್ತದೆ ಅಂತ ಮನೆಯಲ್ಲೇ ಉಳಿಸಿಕೊಂಡ ಮಗು, ಇಂಥವರು ನನಗೆ ಸಿಕ್ಕಿದ್ದು ಹೆಚ್ಚಾಗಿ ಆ ಪಟ್ಟಿಯಲ್ಲೇ.