ಹೊಸ ಸರ್ಕಾರಿ ಮದ್ದುಗುಂಡು ಉಗ್ರಾಣಕ್ಕೆ ಮೊದಲ ಹಣ ಎಲ್ಲಿ ಹಾಕಬೇಕು: ಗೋಡೆಗೋ, ಕ್ಯಾಮೆರಾಕ್ಕೋ, ಸಾಫ್ಟ್‌ವೇರ್‌ಗೋ?

ಈ ಪ್ರಶ್ನೆಯನ್ನು ನಾನೇ ಕೇಳಿದ್ದ ಕಾಲ ಒಂದಿತ್ತು. ಸೇನೆಗೆ ಆಯುಧ, ಮದ್ದುಗುಂಡು ಸಂಗ್ರಹಿಸಿ ಪೂರೈಸುವ ಆರ್ಡ್‌ನೆನ್ಸ್ ಕೋರ್‌ನಲ್ಲಿ ಜೆಸಿಓ (ಜೂನಿಯರ್ ಕಮಿಷನ್ಡ್ ಆಫೀಸರ್) ಆಗಿ ನಿವೃತ್ತನಾದವನು ನಾನು. ಮಧ್ಯಭಾರತದ ಡಿಪೋ ಒಂದರಲ್ಲಿ ಹೊಸ ಶೆಡ್‌ಗಳು ಎದ್ದಾಗ ಒಳಗಿನ ಜೋಡಣೆಯೆಲ್ಲ ನನ್ನ ಹೆಗಲಿಗೆ ಬಿತ್ತು. ತಲೆಯಲ್ಲಿ ಕಳ್ಳನೊಬ್ಬನೇ ಇದ್ದ. ಎರಡೆರಡು ಬೀಗ, ಕೀಲಿ ಇಬ್ಬರ ಬಳಿ, ಸಂತ್ರಿ, ಪದೇಪದೇ ಎಣಿಕೆ. ಲೆಕ್ಕ ಒಂದು ಗುಂಡೂ ಹೆಚ್ಚುಕಮ್ಮಿಯಾಗದೆ ತಾಳೆಯಾಗುತ್ತಿತ್ತು. ಅದೇ ನನ್ನನ್ನು ಮುಳುಗಿಸಿತು.

ಮಳೆಗಾಲ ಹತ್ತಿರವಾಗಿತ್ತು, ಹಳೇ ಶೆಡ್ ಸೋರುತ್ತಿತ್ತು. ಶೆಲ್ (ಫಿರಂಗಿ ಗುಂಡು) ಪೆಟ್ಟಿಗೆಗಳಲ್ಲಿ ಎಷ್ಟೋ ಅರ್ಧ ಖಾಲಿ. ತುಕಡಿಗಳು ಅಭ್ಯಾಸಕ್ಕೆ ಒಯ್ದು ಉಳಿದದ್ದನ್ನು ವಾಪಸು ಕಳಿಸಿದ್ದವು. ಕ್ಯಾಲಿಬರ್ ಒಂದೇ, ಮಾದರಿ ಒಂದೇ, ಬಣ್ಣವೂ ಒಂದೇ. "ಸಾಬ್, ಎರಡು ಅರ್ಧ ಸೇರಿಸಿ ಒಂದು ಪೂರ್ತಿ ಪೆಟ್ಟಿಗೆ ಮಾಡಿಬಿಡೋಣವಾ?" ಅಂದರು ಹುಡುಗರು. ಹೂಂ ಅಂದೆ. ಜಾಗ ಉಳಿಯಿತು, ನೋಡೋಕೂ ಚೆನ್ನಾಗಿತ್ತು, ಮೇಲಿನವರು ಬೆನ್ನು ತಟ್ಟಿದರು.

ಇದರಲ್ಲಿ ತಪ್ಪೇನು ಅನ್ನಿಸುತ್ತದೆ, ಅಲ್ಲವೇ? ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾರ್ಖಾನೆಯಿಂದ ಮದ್ದುಗುಂಡು ಹೊರಬೀಳುವುದು ಲಾಟ್ ಲೆಕ್ಕದಲ್ಲಿ. ಒಂದು ಲಾಟ್ ಅಂದರೆ ಒಂದೇ ಸಾಮಗ್ರಿ, ಒಂದೇ ವಿಧಾನ, ಒಂದೇ ಅವಧಿಯ ತಯಾರಿ. ಲಾಟ್ ನಂಬರ್ ಆ ಗುಂಡಿನ ಜಾತಕ. ಎಲ್ಲೋ ದೂರದ ರೇಂಜ್‌ನಲ್ಲಿ ಒಂದು ಶೆಲ್ ಬ್ಯಾರೆಲ್ ಒಳಗೇ ಸಿಡಿಯಿತು ಅಂದುಕೊಳ್ಳಿ. ಆ ಲಾಟ್ ಇರುವ ಡಿಪೋಗಳಿಗೆಲ್ಲ ಸಂದೇಶ ಹೋಗುತ್ತದೆ: ಯಾರಿಗೂ ಕೊಡಬೇಡಿ, ಬೇರ್ಪಡಿಸಿಡಿ. ಲಾಟ್ ಬೇರೆಬೇರೆ ಇಟ್ಟವನು ಅರ್ಧ ದಿನದಲ್ಲಿ ಕೆಲಸ ಮುಗಿಸುತ್ತಾನೆ. ಬೆರೆಸಿದವನಿಗೆ ಆ ಮಾದರಿಯ ಇಡೀ ದಾಸ್ತಾನೇ ಅನುಮಾನಕ್ಕೆ ಬೀಳುತ್ತದೆ.

ಆ ಸಂದೇಶ ನಮಗೂ ಬಂತು. ಪೆಟ್ಟಿಗೆ ಮೇಲಿನ ಸ್ಟೆನ್ಸಿಲ್ ಒಂದು ಲಾಟ್ ಹೇಳುತ್ತಿತ್ತು, ಒಳಗಿದ್ದದ್ದು ಎರಡು. ದಾಸ್ತಾನಿನ ಲೆಕ್ಕ ಬರೆಯುವ ಬಿನ್ ಕಾರ್ಡ್‌ನಲ್ಲಿ ಒಟ್ಟು ಸರಿಯಾಗಿತ್ತು. ಕೆಟ್ಟದ್ದು ಯಾವ ಸ್ಟ್ಯಾಕ್‌ನಲ್ಲಿದೆ ಅಂತ ಅದು ಹೇಳಲಿಲ್ಲ. ಒಂದೊಂದೇ ಪೆಟ್ಟಿಗೆ ತೆರೆದು, ಶೆಲ್ ಮೈಮೇಲಿನ ಗುರುತು ಓದಿ, ಬರೆದುಕೊಂಡು, ಮತ್ತೆ ಪ್ಯಾಕ್ ಮಾಡುವುದರಲ್ಲೇ ಒಂದು ಬೇಸಿಗೆ ಕಳೆಯಿತು. ಗುರುತು ಅಳಿಸಿಹೋಗಿದ್ದನ್ನು, ಒಳ್ಳೆಯದೇ ಇದ್ದಿರಬಹುದು, ನಾಶಕ್ಕೆ ಕಳಿಸಬೇಕಾಯಿತು. ವಿಚಾರಣೆ ನಡೆಯಿತು, ನನ್ನ ಬಡ್ತಿ ಅಲ್ಲಿಗೇ ನಿಂತಿತು. ಒಂದು ಗುಂಡೂ ಕಳುವಾಗಿರಲಿಲ್ಲ, ಗಮನಿಸಿ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ರೈಫಲ್ ಇಡುವ ಕೋತ್‌ಗೆ ಕಳ್ಳನೇ ದೊಡ್ಡ ಭಯ, ಸರಿ. ಮದ್ದುಗುಂಡಿನ ವಿಷಯ ಬೇರೆ. 2000ದ ಏಪ್ರಿಲ್ 28ರಂದು ಭರತ್‌ಪುರದ ಡಿಪೋ ಹೊತ್ತಿ ಉರಿದಾಗ ಬೆಂಕಿ ಹಬ್ಬಿಸಿದ್ದು ಕೊಯ್ಯದೆ ಬಿಟ್ಟಿದ್ದ ಒಣಹುಲ್ಲು. 2016ರ ಮೇ 31ರಂದು ಮಹಾರಾಷ್ಟ್ರದ ಪುಲ್ಗಾಂವ್ ಡಿಪೋ ಸ್ಫೋಟದಲ್ಲಿ 16ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ತನಿಖೆ ಬೊಟ್ಟು ಮಾಡಿದ್ದು ಟ್ಯಾಂಕ್ ನಿರೋಧಕ ಮೈನ್‌ಗಳಿಂದ (ನೆಲಬಾಂಬ್‌) ಒಸರುತ್ತಿದ್ದ ಟಿಎನ್‌ಟಿ ಸ್ಫೋಟಕವನ್ನು. ಇವೆರಡರಲ್ಲೂ ಗೋಡೆ ಹಾರಿ ಬಂದವನು ಯಾರೂ ಇಲ್ಲ.

ಜಾಗದ ಮಾತು ಬಂದರೆ, ಬೇಲಿಯ ಒಳಗಿಗಿಂತ ಹೊರಗೆ ನೋಡಿ. ಗುರುಗ್ರಾಮದ ವಾಯುಪಡೆ ಮದ್ದುಗುಂಡು ಡಿಪೋ ಸುತ್ತ 900 ಮೀಟರ್ ಕಟ್ಟಡ ನಿರ್ಬಂಧವಿದ್ದರೂ ಸಾವಿರಾರು ಮನೆ ಎದ್ದವು. ರಕ್ಷಣಾ ನೆಲೆಗಳ ಸುತ್ತ ಕಟ್ಟಡ ತಡೆಯುವ 1903ರ ವರ್ಕ್ಸ್ ಆಫ್ ಡಿಫೆನ್ಸ್ ಕಾಯ್ದೆ ಕಾಗದದಲ್ಲಿ ಭದ್ರವಾಗಿಯೇ ಇತ್ತು. ಇವತ್ತು ಸುತ್ತ ಜೋಳದ ಹೊಲ ಕಂಡರೆ ಖುಷಿಪಡಬೇಡಿ, ಅದು ನಾಳೆಯ ಲೇಔಟ್. ಶೆಡ್ ನಡುವೆ ಮಣ್ಣಿನ ದಿಬ್ಬ, ಡಿಟೋನೇಟರ್‌ಗೆ ಬೇರೆಯೇ ಮನೆ, ಸಿಡಿಲು ವಾಹಕ, ಇವೆಲ್ಲ ನಿಯಮದಲ್ಲೇ ಇವೆ, ಇಂಜಿನಿಯರ್ ನೋಡಿಕೊಳ್ಳುತ್ತಾರೆ. ಹುಲ್ಲು ಕೊಯ್ಯಲು ಪ್ರತಿ ವರ್ಷದ ಹಣವನ್ನು ಮಾತ್ರ ಮೂಲ ಪ್ರಸ್ತಾವನೆಯಲ್ಲೇ ಬರೆಸಿ. ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ, ಉಳಿತಾಯ ಅಂತ ಮೊದಲು ಕತ್ತರಿ ಬೀಳುವುದು ಅದಕ್ಕೇ.

ಸಾಫ್ಟ್‌ವೇರ್ ತಗೊಳ್ಳಿ, ಬೇಡ ಅನ್ನುವುದಿಲ್ಲ. ಲಾಟ್ ನಂಬರ್ ಖಾಲಿ ಬಿಟ್ಟರೆ ಎಂಟ್ರಿ ಮುಂದಕ್ಕೇ ಹೋಗಬಾರದು, ಹಾಗೆ ಮಾಡಿಸಿ. ಅರ್ಧ ಪೆಟ್ಟಿಗೆಗಳಿಗೆ ಅಂತಲೇ ಒಂದು ಶೆಡ್ ಖಾಲಿ ಇಟ್ಟುಕೊಳ್ಳಿ. ಜಾಗ ದಂಡ ಅಂತ ಲೆಕ್ಕಪರಿಶೋಧಕರು ಆಕ್ಷೇಪಣೆ ಬರೆಯುತ್ತಾರೆ, ಬರೆಯಲಿ.